ಬೀಗ ಹಾಕಿದವರಿಗೇ ಬಂತು ಭಾಗ್ಯ!

ಅಂಗಡಿ ಖಾಲಿ ಮಾಡಿ ಅಂದರೆ ಗುಡ್‌ವಿಲ್ ಕೇಳೋದು ಪೇಟೆಬೀದಿಯವರಿಗೆ ಹೊಸ ವಿಷಯವಲ್ಲ. ಹತ್ತು ಸಾವಿರವೋ, ಲಕ್ಷವೋ, ಮಾತಾದಷ್ಟನ್ನು ಕೈಗೆ ಹಾಕಿದರೆ ಬೀಗದಕೈ ಈ ಕೈಯಿಂದ ಆ ಕೈಗೆ. ಅಲ್ಲಿಗೆ ಲೆಕ್ಕ ಚುಕ್ತಾ. ಆದರೆ, "ಅಂಗಡಿ ಬಿಡ್ತೇನೆ ಸ್ವಾಮಿ, ಗುಡ್‌ವಿಲ್ಲೂ ಕೊಡಿ, ಅದರ ಜೊತೆಗೆ ಇಲ್ಲಿ ವ್ಯಾಪಾರ ಎಲ್ಲಿಯವರೆಗೆ ನಡೆಯುತ್ತೋ ಅಲ್ಲಿಯವರೆಗೆ ಗಲ್ಲಾಪೆಟ್ಟಿಗೆಯಲ್ಲಿ ನನಗೊಂದು ಪಾಲೂ ಇರಲಿ" ಅಂತ ಯಾರಾದರೂ ಕೇಳಿದರೆ? ನಕ್ಕು, ಒಂದು ಕಾಫಿ ಕುಡಿಸಿ ಕಳಿಸ್ತಾರೆ.

ಅಮೆರಿಕದಲ್ಲಿ 1976ರ ಜೂನ್ ತಿಂಗಳಲ್ಲಿ ಇಬ್ಬರು ಅಣ್ಣತಮ್ಮಂದಿರು ಇದನ್ನೇ ಕೇಳಿದರು. ಎದುರಿಗಿದ್ದವರು ನಗಲಿಲ್ಲ. ರುಜು ಹಾಕಿದರು!

ಆ ರುಜುವಿನ ಬೆಲೆ ಎಷ್ಟಾಯಿತು ಅನ್ನೋದು ಆಮೇಲೆ. ಮೊದಲು ಆ ಅಂಗಡಿ ಯಾವುದು, ಅದು ಮುಚ್ಚಿದ್ದು ಯಾಕೆ ಅಂತ ತಿಳಿಯಬೇಕು. ಅದು ಬಟ್ಟೆ ಅಂಗಡಿಯೂ ಅಲ್ಲ, ಕಿರಾಣಿಯೂ ಅಲ್ಲ. ಒಂದು ಬ್ಯಾಸ್ಕೆಟ್‌ಬಾಲ್ ತಂಡ. ಆ ತಂಡ ಆಡಿದ ಲೀಗಿನ ಹೆಸರು ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಚಿಕ್ಕದಾಗಿ ಎಬಿಎ. 1975-76 ಅದರ ಒಂಬತ್ತನೆಯ ವರ್ಷ, ಕೊನೆಯ ವರ್ಷವೂ ಅದೇ.

ಎರಡನೇ ಅಂಗಡಿಯ ಪಾಡು

ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲಿಗೆ ಆಗಲೇ ಒಂದು ದೊಡ್ಡ ಲೀಗ್ ಇತ್ತು, ಎನ್‌ಬಿಎ. 1946ರಿಂದ ನಡೆದುಬಂದ ಹಳೇ ಮಂಡಿ ಅದು. ಎದುರುಗಡೆ 1967ರಲ್ಲಿ ಹೊಸ ಬೋರ್ಡು ಹಾಕಿಕೊಂಡು ಕೂತವರು ಎಬಿಎಯವರು. ಹೊಸ ಅಂಗಡಿಯವನು ಗಿರಾಕಿ ಸೆಳೆಯಲು ಏನೇನು ಮಾಡ್ತಾನೋ ಅದನ್ನೆಲ್ಲ ಇವರೂ ಮಾಡಿದರು. ಹಳಬರ ಚೆಂಡು ಕಂದುಬಣ್ಣ. ಇವರದು ಕೆಂಪು, ಬಿಳಿ, ನೀಲಿ ಪಟ್ಟೆಯ ಚೆಂಡು. ಗಾಳಿಯಲ್ಲಿ ತಿರುಗಿದರೆ ಜಾತ್ರೆಯ ಗಿರಿಗಿಟ್ಟೆ ತಿರುಗಿದ ಹಾಗೆ! ಬುಟ್ಟಿಗೆ ಹತ್ತಿರ ನಿಂತು ಹಾಕಿದರೂ ಎರಡು ಪಾಯಿಂಟು, ದೂರ ನಿಂತು ಹಾಕಿದರೂ ಎರಡೇ ಅಂದರೆ ಅದು ಯಾವ ನ್ಯಾಯ ಅಂತ ಒಂದು ಕಮಾನು ಗೆರೆ ಎಳೆದು, ಗೆರೆಯಾಚೆಯಿಂದ ಹಾಕಿದರೆ ಮೂರು ಅಂದರು. ಹಳಬರು ಇದನ್ನೆಲ್ಲ ಸರ್ಕಸ್ ಅಂತ ಮೂಗು ಮುರಿದರು.

ಆದರೆ ಸರ್ಕಸ್ಸಿಗೆ ಬೇಕಾದ ಒಂದು ಮುಖ್ಯ ಸಾಮಾನು ಇವರ ಬಳಿ ಇರಲಿಲ್ಲ. ಟೆಲಿವಿಷನ್! ದೇಶದಾದ್ಯಂತ ಆಟ ತೋರಿಸುವ ಒಪ್ಪಂದ ಹಳಬರಿಗಿತ್ತು, ಇವರಿಗಿಲ್ಲ. ಒಳ್ಳೇ ಮಾಲು ಇದೆ, ಆದರೆ ಅಂಗಡಿ ಇರೋದು ಸಂದಿಯೊಳಗೆ. ಆಟಗಾರರಿಗೆ ಮಾತ್ರ ಹಳಬರಿಗಿಂತ ಹೆಚ್ಚು ಸಂಬಳ ಕೊಟ್ಟು ಸೆಳೆಯಬೇಕಾಗಿತ್ತು. ಹೈಸ್ಕೂಲು ಮುಗಿಸಿ ನೇರವಾಗಿ ಬಂದ 19ರ ಹುಡುಗ ಮೋಸೆಸ್ ಮೆಲೋನ್‌ಗೂ 1974ರಲ್ಲಿ ಇವರೇ ಮಣೆ ಹಾಕಿದ್ದು. ಹೋಗುವ ದುಡ್ಡು ಹೊಳೆಯಷ್ಟು, ಬರುವ ದುಡ್ಡು ಹನಿಯಷ್ಟು. ಇಂಥ ವ್ಯಾಪಾರ ಎಷ್ಟು ದಿನ ನಡೆದೀತು?

1975ರ ಸೆಪ್ಟೆಂಬರಿನಲ್ಲೇ, ಅಂದರೆ ಆಟ ಶುರುವಾಗುವ ಮೊದಲೇ, ಎಬಿಎಯ ಎರಡು ಬಲವಾದ ತಂಡಗಳಾದ ಡೆನ್ವರ್ ಮತ್ತು ನ್ಯೂಯಾರ್ಕ್ ಹಳೇ ಮಂಡಿಗೆ ಅರ್ಜಿ ಹಾಕಿಬಿಟ್ಟವು. "ನಮ್ಮನ್ನು ಸೇರಿಸಿಕೊಳ್ಳಿ." ಅರ್ಜಿಗೆ ತಕ್ಷಣ ಫಲ ಸಿಗಲಿಲ್ಲ. ಆದರೆ ಮನೆಯ ಹಿರೀಮಕ್ಕಳೇ ಬೇರೆ ಮನೆಯ ಬಾಗಿಲು ತಟ್ಟಿದರೆ ಉಳಿದವರ ಎದೆಯಲ್ಲಿ ಏನಾಗಬೇಡ!

ಒಂದೊಂದೇ ಶಟರು ಕೆಳಗೆ

ಮೊದಲು ಬಿದ್ದದ್ದು ಬಾಲ್ಟಿಮೋರ್. ಮೆಂಫಿಸ್ ಊರಿನಲ್ಲಿ ನಡೆಯದ ತಂಡವನ್ನು ಎತ್ತಿಕೊಂಡು ಬಂದು ಬಾಲ್ಟಿಮೋರಿನಲ್ಲಿ ಇಟ್ಟಿದ್ದರು. ಮೊದಲು ಇಟ್ಟ ಹೆಸರು 'ಹಸ್ಲರ್ಸ್'. ಅಲ್ಲಿನ ಬೀದಿಮಾತಿನಲ್ಲಿ ಅದಕ್ಕೆ ಟೋಪಿ ಹಾಕುವವರು ಅನ್ನೋ ಅರ್ಥವೂ ಉಂಟು. ಚೆನ್ನಾಗಿಲ್ಲ ಅಂತ 'ಕ್ಲಾಸ್' ಅಂತ ಬದಲಿಸಿದರು. ಹುಲಿಯುಗುರಿನಂಥ ಉಗುರು ಅಂತ ಅರ್ಥ. ಉಗುರು ತೋರಿಸಲು ಸಮಯವೇ ಸಿಗಲಿಲ್ಲ. ಕೆಂಟಕಿ ತಂಡದಿಂದ ಡ್ಯಾನ್ ಇಸೆಲ್ ಎಂಬ ಹೆಸರಾಂತ ಆಟಗಾರನನ್ನು ಕೊಂಡರು, ಹಣ ಕಟ್ಟಲಾಗಲಿಲ್ಲ, ಆಸಾಮಿ ಡೆನ್ವರಿಗೆ ಹೋದ. ಮೂರೇ ಮೂರು ಅಭ್ಯಾಸ ಪಂದ್ಯ ಆಡಿ, ಲೀಗ್ ಶುರುವಾಗುವ ಮುನ್ನವೇ ಅಕ್ಟೋಬರಿನಲ್ಲಿ ತಂಡ ಮುಗಿಯಿತು.

ಮುಂದಿನದು ಸ್ಯಾನ್ ಡಿಯೇಗೊ. 11 ಪಂದ್ಯ ಆಡಿತು, 3 ಗೆದ್ದಿತು, ನವೆಂಬರಿನಲ್ಲಿ ಬೀಗ. ಡಿಸೆಂಬರ್ ಮೊದಲ ವಾರದಲ್ಲಿ ಯೂಟಾ. 16 ಆಡಿ 4 ಗೆದ್ದಿತ್ತು. ಈ ಯೂಟಾ ತಂಡ 1971ರಲ್ಲಿ ಇಡೀ ಲೀಗನ್ನೇ ಗೆದ್ದ ತಂಡ ಅನ್ನೋದು ಗಮನಿಸಬೇಕು.

ಯೂಟಾ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅದರ ಹಿಂದಿನ ಮಾಲೀಕ ಬಿಲ್ ಡೇನಿಯಲ್ಸ್. ಕೇಬಲ್ ಟಿವಿ ವ್ಯವಹಾರದಲ್ಲಿ ಹೆಸರು ಮಾಡಿದವರು. ತಂಡದಲ್ಲಿ ಕೈ ಸುಟ್ಟುಕೊಂಡರು. ವರ್ಷದ ಟಿಕೆಟಿಗೆ ಮುಂಗಡ ಕಟ್ಟಿದ್ದ ಜನರ ದುಡ್ಡು ಮುಳುಗಿತು. ಕಾನೂನಿನ ಪ್ರಕಾರ ಕೊಡಲೇಬೇಕು ಅಂತೇನೂ ಇರಲಿಲ್ಲ. ಕೆಲವು ವರ್ಷ ಕಳೆದು, ಕೈಯಲ್ಲಿ ಕಾಸು ಆಡಿದ ಮೇಲೆ, ಆ ಮನುಷ್ಯ ಊರಿಗೆ ಮರಳಿ ಟಿಕೆಟ್ ಕೊಂಡವರಿಗೆ ಬಡ್ಡಿ ಸಮೇತ ವಾಪಸು ಮಾಡಿದರು! ಚೀಟಿ ದುಡ್ಡು ಎತ್ತಿಕೊಂಡು ರಾತ್ರೋರಾತ್ರಿ ಊರು ಬಿಡುವವರನ್ನು ಕಂಡವರಿಗೆ ಇದು ಕಟ್ಟುಕಥೆ ಅನ್ನಿಸಬಹುದು. ಆದರೆ ನಡೆದದ್ದು.

ಹತ್ತು ತಂಡ ಅಂತ ಹೊರಟ ಲೀಗಿನಲ್ಲಿ ಡಿಸೆಂಬರ್ ಹೊತ್ತಿಗೆ ಉಳಿದದ್ದು ಏಳು. ಡೆನ್ವರ್ ನಗೆಟ್ಸ್, ನ್ಯೂಯಾರ್ಕ್ ನೆಟ್ಸ್, ಸ್ಯಾನ್ ಆಂಟೋನಿಯೊ ಸ್ಪರ್ಸ್, ಕೆಂಟಕಿ ಕರ್ನಲ್ಸ್, ಇಂಡಿಯಾನಾ ಪೇಸರ್ಸ್, ಸೇಂಟ್ ಲೂಯಿಸ್ ಊರಿನ ಸ್ಪಿರಿಟ್ಸ್, ವರ್ಜೀನಿಯಾ ಸ್ಕ್ವೈರ್ಸ್. ಈ ಏಳು ಅನ್ನೋ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕೋಟಿಗಟ್ಟಲೆ ಡಾಲರ್ ಮುಂದೆ ಇದೇ ಅಂಕಿಯ ಮೇಲೆ ತಿರುಗಿತು.

ಏಳರಲ್ಲಿ ಕಡೆಯದಾದ ವರ್ಜೀನಿಯಾದ ಸ್ಥಿತಿ ನೋಡಿದರೆ ಕರುಳು ಚುರ್ ಅನ್ನುತ್ತೆ. ಒಂದು ಕಾಲಕ್ಕೆ ಅಲ್ಲಿ ಎಂಥೆಂಥ ಹುಡುಗರಿದ್ದರು! ಜೂಲಿಯಸ್ ಅರ್ವಿಂಗ್ ಮೊದಲು ಆಡಿದ್ದು ಅಲ್ಲಿ. ಜಾರ್ಜ್ ಗೆರ್ವಿನ್ ಆಡಿದ್ದೂ ಅಲ್ಲಿ. ದುಡ್ಡಿಲ್ಲದ ಮಾಲೀಕರು 1973ರಲ್ಲಿ ಅರ್ವಿಂಗ್‌ನನ್ನು ನ್ಯೂಯಾರ್ಕಿಗೆ ಮಾರಿದರು. ಮರುವರ್ಷ ಗೆರ್ವಿನ್‌ನನ್ನು 2,25,000 ಡಾಲರಿಗೆ ಸ್ಯಾನ್ ಆಂಟೋನಿಯೊಗೆ ಮಾರಿದರು. ಬಾಡಿಗೆ ಕಟ್ಟಲು ತಕ್ಕಡಿ ಮಾರಿದ ಹಾಗಾಯಿತು. ತಕ್ಕಡಿ ಹೋದ ಮೇಲೆ ತೂಗುವುದು ಯಾವುದರಲ್ಲಿ? 1975-76ರಲ್ಲಿ ವರ್ಜೀನಿಯಾ ಗೆದ್ದದ್ದು 15, ಸೋತದ್ದು 68.

ನೆಗೆತದ ರಾತ್ರಿ

ಹೀಗೆ ಒಂದು ಕಡೆ ಬೀಗ ಬೀಳ್ತಾ ಇದ್ದರೆ, ಇನ್ನೊಂದು ಕಡೆ ಆಟ ಮಾತ್ರ ರಂಗೇರಿತ್ತು. 1976ರ ಜನವರಿ 27. ಡೆನ್ವರ್ ಊರಿನ ಮೆಕ್‌ನಿಕೋಲ್ಸ್ ಕ್ರೀಡಾಂಗಣ. ವರ್ಷಕ್ಕೊಮ್ಮೆ ಪೂರ್ವದ ತಂಡಗಳ ಆಯ್ದ ಆಟಗಾರರಿಗೂ ಪಶ್ಚಿಮದವರಿಗೂ ಪಂದ್ಯ ಇಡೋದು ವಾಡಿಕೆ. ಆದರೆ ಏಳೇ ತಂಡ ಉಳಿದಿದ್ದರಿಂದ ಪೂರ್ವ ಪಶ್ಚಿಮ ಅಂತ ಪಂಗಡ ಮಾಡಲು ಜನ ಎಲ್ಲಿ? ಅದಕ್ಕೇ ಪಟ್ಟಿಯಲ್ಲಿ ಮೇಲಿದ್ದ ಡೆನ್ವರ್ ಒಂದು ಕಡೆ, ಉಳಿದ ಆರು ತಂಡಗಳ ಹುಲಿಗಳೆಲ್ಲ ಇನ್ನೊಂದು ಕಡೆ ಅಂತ ಮಾಡಿದರು. ಪಂದ್ಯಕ್ಕೆ ಮುಂಚೆ ಹೆಸರಾಂತ ಹಾಡುಗಾರರ ಕಛೇರಿ. ಹಾಡಿಗೆ ಬಂದವರು ಆಟಕ್ಕೆ ಉಳಿದಾರು ಅನ್ನೋ ಲೆಕ್ಕಾಚಾರ.

ಅಷ್ಟು ಸಾಲದು ಅಂತ, ನಡುವಿನ ವಿರಾಮಕ್ಕೆ ಒಂದು ಹೊಸ ಸ್ಪರ್ಧೆ ಇಟ್ಟರು. ಎಗರಿ, ಮೇಲಿನಿಂದ ಚೆಂಡನ್ನು ಬಳೆಯೊಳಗೆ ಗುದ್ದುವ ಸ್ಪರ್ಧೆ. ಇದಕ್ಕೆ ಅಲ್ಲಿ 'ಡಂಕ್' ಅಂತಾರೆ. ಆಗ ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಈ ಹೊಡೆತಕ್ಕೇ ನಿಷೇಧವಿತ್ತು! 1967ರಿಂದ 1976ರವರೆಗೆ ಕಾಲೇಜು ಹುಡುಗ ಡಂಕ್ ಮಾಡಿದರೆ ಅಪರಾಧ. ಅದೇ ಅಪರಾಧಕ್ಕೆ ಇಲ್ಲಿ ಬಹುಮಾನ, ಸಾವಿರ ಡಾಲರ್ ಮತ್ತು ಒಂದು ಸ್ಟೀರಿಯೊ ಸೆಟ್ಟು.

ಐದು ಜನ ಕಣದಲ್ಲಿ. ಆರ್ಟಿಸ್ ಗಿಲ್ಮೋರ್, ಗೆರ್ವಿನ್, ಲ್ಯಾರಿ ಕೆನನ್, ಡೆನ್ವರಿನ ಮನೆಮಗ ಡೇವಿಡ್ ಥಾಂಪ್ಸನ್, ಮತ್ತು ಅರ್ವಿಂಗ್. ಜನ ಅರ್ವಿಂಗ್‌ನನ್ನು ಕರೆಯುತ್ತಿದ್ದದ್ದು 'ಡಾಕ್ಟರ್ ಜೆ' ಅಂತ. 25ರ ಪ್ರಾಯ, ತಲೆಯ ಸುತ್ತ ದೊಡ್ಡ ಗುಂಗುರು ಕೂದಲು. ಥಾಂಪ್ಸನ್ ಗಾಳಿಯಲ್ಲೇ ಪೂರ್ತಿ ಒಂದು ಸುತ್ತು ತಿರುಗಿ ಗುದ್ದಿದ. ಡೆನ್ವರಿನ ಜನ ಎದ್ದು ನಿಂತರು. ಇನ್ನೇನು ಬಹುಮಾನ ಊರಲ್ಲೇ ಉಳಿಯಿತು ಅಂದುಕೊಂಡರು.

ಆಗ ಡಾಕ್ಟರು ಏನು ಮಾಡಿದರು ಗೊತ್ತೆ? ಫ್ರೀ ಥ್ರೋ ಗೆರೆಯ ಹತ್ತಿರ ನಿಂತು, ಅಲ್ಲಿಂದ ಹಿಂದಕ್ಕೆ ಹೆಜ್ಜೆ ಎಣಿಸುತ್ತ ಅಂಗಳದ ಆ ತುದಿಗೆ ನಡೆದು ಹೋದರು. ಫ್ರೀ ಥ್ರೋ ಗೆರೆ ಅಂದರೆ ಬುಟ್ಟಿಯ ಹಲಗೆಯಿಂದ 15 ಅಡಿ. ಅಲ್ಲಿ ನಿಂತು ಚೆಂಡು ಎಸೆಯೋದು ವಾಡಿಕೆ, ಹಾರೋದಲ್ಲ. ತಿರುಗಿ ನಿಂತರು. ಸಭಾಂಗಣ ನಿಶ್ಶಬ್ದ. ಉದ್ದುದ್ದ ಹೆಜ್ಜೆ ಹಾಕಿ ಓಡಿ ಬಂದು, ಆ ಗೆರೆಯ ಬಳಿ ನೆಲ ಬಿಟ್ಟವರು, ಕೈಯಲ್ಲಿ ಪಟ್ಟೆ ಚೆಂಡನ್ನು ನಿಂಬೆಹಣ್ಣಿನಂತೆ ಹಿಡಿದು, ಬಳೆಯೊಳಗೆ ಇಳಿಸಿದರು. ಕಾಲು ಗೆರೆಯನ್ನು ಚೂರು ದಾಟಿತ್ತು ಅಂತ ಕೆಲವರ ವಾದ. ಇರಲಿ ಬಿಡಿ. ಅಷ್ಟು ದೂರದಿಂದ ಹಾರಿದವನಿಗೆ ಅಂಗುಲದ ಲೆಕ್ಕ ಕೇಳುವವರ ಬಾಯಿಗೆ ಏನು ಹೇಳೋದು!

ಆ ರಾತ್ರಿಯ ಪಂದ್ಯವನ್ನು ಡೆನ್ವರ್ 144-138ರಿಂದ ಗೆದ್ದಿತು. ಪಂದ್ಯದ ಫಲಿತಾಂಶ ಇಂದು ನೆನಪಿರುವವರು ಕಡಿಮೆ. ನೆಗೆತ ಮಾತ್ರ ಉಳಿಯಿತು. ಹಳೇ ಮಂಡಿಯವರು 1984ರಲ್ಲಿ ಇದೇ ಊರಿನ ಇದೇ ಕ್ರೀಡಾಂಗಣದಲ್ಲಿ ಇದೇ ಸ್ಪರ್ಧೆಯನ್ನು ತಮ್ಮದಾಗಿ ಮಾಡಿಕೊಂಡರು. ಅಷ್ಟರಲ್ಲಿ ಮೂವತ್ತು ದಾಟಿದ್ದ ಅರ್ವಿಂಗ್ ಅಲ್ಲೂ ಹಾರಿದರು, ಎರಡನೆಯವರಾದರು. ಸರ್ಕಸ್ಸಿನ ಗೆರೆ ಅಂತ ನಕ್ಕಿದ್ದ ಆ ಮೂರು ಪಾಯಿಂಟಿನ ಗೆರೆಯನ್ನೂ 1979ರಲ್ಲೇ ಎಳೆದುಕೊಂಡಿದ್ದರು.

ಕಡೆಯ ಕಾಳಗ

84 ಪಂದ್ಯಗಳ ಲೆಕ್ಕ ಮುಗಿದಾಗ ಡೆನ್ವರ್ 60 ಗೆದ್ದು ಮೊದಲು, ನ್ಯೂಯಾರ್ಕ್ 55 ಗೆದ್ದು ಎರಡನೆಯದು. ಇವೆರಡೂ ಏಳೇಳು ಪಂದ್ಯಗಳ ಸೆಮಿಫೈನಲ್ಲಿನಲ್ಲಿ ಬೆವರು ಸುರಿಸಿಯೇ ಫೈನಲ್ಲಿಗೆ ಬಂದವು. ಡೆನ್ವರ್ ಹಿಂದಿನ ವರ್ಷದ ಚಾಂಪಿಯನ್ ಕೆಂಟಕಿಯನ್ನು ಮನೆಗೆ ಕಳಿಸಿತು, ನ್ಯೂಯಾರ್ಕ್ ಸ್ಯಾನ್ ಆಂಟೋನಿಯೊವನ್ನು.

ಫೈನಲ್ ಅಂದರೆ ಏಳರಲ್ಲಿ ನಾಲ್ಕು ಗೆದ್ದವರಿಗೆ ಕಿರೀಟ. ಮೊದಲ ಪಂದ್ಯ ಡೆನ್ವರಿನಲ್ಲಿ. 118-118 ಸಮ. ಗಂಟೆ ಬಾರಿಸುವ ಕ್ಷಣಕ್ಕೆ ಅರ್ವಿಂಗ್ ಎಸೆದ ಚೆಂಡು ಒಳಗೆ. ಅಂದು ಅವರೊಬ್ಬರದೇ 45 ಪಾಯಿಂಟು. ಎರಡನೆಯದರಲ್ಲಿ 48 ಹಾಕಿದರೂ ತಂಡ ಸೋತಿತು. ಅವರನ್ನು ತಡೆಯಲು ನಿಂತವನು ಬಾಬಿ ಜೋನ್ಸ್, ಅಡ್ಡ ನಿಲ್ಲುವುದರಲ್ಲಿ ದೇಶದಲ್ಲೇ ಎತ್ತಿದ ಕೈ. ಅಂಥವನ ಕೈಯಲ್ಲೂ ಆಗಲಿಲ್ಲ.

ಮೇ 13, ಆರನೆಯ ಪಂದ್ಯ, ನ್ಯೂಯಾರ್ಕ್ ತಂಡದ ಅಂಗಳದಲ್ಲಿ. ನ್ಯೂಯಾರ್ಕಿಗೆ 3, ಡೆನ್ವರಿಗೆ 2. ಆದರೆ ಥಾಂಪ್ಸನ್ ಮೈಮೇಲೆ ಬಂದವನಂತೆ ಆಡಿ 42 ಪಾಯಿಂಟು ಬಾರಿಸಿದ. ಮೂರನೆಯ ಭಾಗದಲ್ಲಿ ಡೆನ್ವರ್ 22 ಪಾಯಿಂಟು ಮುಂದೆ. ಬಸ್ಸು ತಪ್ಪುತ್ತೆ ಅಂತ ಎದ್ದು ಹೋಗುವವರು ಎದ್ದು ಹೋಗುವ ಹೊತ್ತು. ಹೋದವರು ಕೆಟ್ಟರು! ಜಾನ್ ವಿಲಿಯಮ್ಸನ್ ಎಂಬ ಗಟ್ಟಿಮುಟ್ಟಿನ ಆಸಾಮಿ ಕಡೆಯ ಭಾಗದಲ್ಲಿ ಒಂದರ ಮೇಲೊಂದು ಹಾಕತೊಡಗಿದ. ಇನ್ನೊಂದು ಕಡೆ ಅರ್ವಿಂಗ್. 22 ಕರಗಿ, ಕರಗಿ, ಸೊನ್ನೆಯಾಗಿ, ತಿರುವು ಮುರುವಾಗಿ, ನ್ಯೂಯಾರ್ಕ್ 112-106ರಿಂದ ಗೆದ್ದಿತು. ಜನ ಅಂಗಳಕ್ಕೆ ನುಗ್ಗಿದರು. ಎಬಿಎಯ ಪಟ್ಟೆ ಚೆಂಡಿನ ಕಟ್ಟಕಡೆಯ ಪಂದ್ಯ ಅದೇ.

ದೇಶದ ಬಹುಪಾಲು ಜನ ಈ ಫೈನಲ್ ನೋಡಲೇ ಇಲ್ಲ. ಟಿವಿ ಒಪ್ಪಂದ ಇರಲಿಲ್ಲವಲ್ಲ.

ಜೂನ್ 17ರ ಪಂಚಾಯ್ತಿ

ಆಟಗಾರರು ಹೂಡಿದ್ದ ಒಂದು ಕೋರ್ಟು ಕೇಸಿನಿಂದ ಎರಡು ಲೀಗುಗಳ ವಿಲೀನ ವರ್ಷಗಟ್ಟಲೆ ನಿಂತುಹೋಗಿತ್ತು. 1976ರ ಫೆಬ್ರವರಿಯಲ್ಲಿ ಆ ಕೇಸು ರಾಜಿಯಾಯಿತು. ದಾರಿ ಸಲೀಸಾಯಿತು. ಜೂನ್ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಹಯಾನಿಸ್ ಎಂಬ ಸಮುದ್ರತೀರದ ಊರಿನಲ್ಲಿ ಎಲ್ಲ ಮಾಲೀಕರೂ ಕೂತರು.

ಕೂತವರಲ್ಲಿ ವರ್ಜೀನಿಯಾದವರು ಇರಲಿಲ್ಲ. ಲೀಗಿಗೆ ಕಟ್ಟಬೇಕಾದ 75,000 ಡಾಲರ್ ವಂತಿಗೆ ಕಟ್ಟಲಾಗದೆ ಮೇ ತಿಂಗಳಲ್ಲೇ ಅವರು ಬಾಗಿಲು ಹಾಕಿದ್ದರು. ಇನ್ನೊಂದು ತಿಂಗಳು, ಸಾಲಸೋಲ ಮಾಡಿಯಾದರೂ ಉಸಿರು ಹಿಡಿದಿದ್ದರೆ ಪಂಚಾಯ್ತಿಯಲ್ಲಿ ಒಂದು ಕುರ್ಚಿ ಸಿಗುತ್ತಿತ್ತು. ಆ ಕುರ್ಚಿಯ ಬೆಲೆ ಏನಾಗುತ್ತಿತ್ತು ಅಂತ ಮುಂದೆ ಓದಿದವರಿಗೆ ತಿಳಿಯುತ್ತದೆ.

ಉಳಿದದ್ದು ಆರು. ಹಳೇ ಮಂಡಿಯವರು ಹೇಳಿದರು: ನಾಲ್ಕನ್ನು ಮಾತ್ರ ತೆಗೆದುಕೊಳ್ಳುತ್ತೇವೆ, ತಲೆಗೆ 32 ಲಕ್ಷ ಡಾಲರ್ ಪ್ರವೇಶ ಶುಲ್ಕ. ಆಗ ಡಾಲರಿಗೆ ಸುಮಾರು ಒಂಬತ್ತು ರೂಪಾಯಿ, ಅಂದರೆ ಒಂದೊಂದು ತಂಡಕ್ಕೆ ಹತ್ತಿರ ಹತ್ತಿರ ಮೂರು ಕೋಟಿ ರೂಪಾಯಿ. ಮೇಲಾಗಿ ಮೊದಲ ಕೆಲವು ವರ್ಷ ಟಿವಿ ಹಣದಲ್ಲಿ ಇವರಿಗೆ ಕವಡೆಯೂ ಇಲ್ಲ. ಡೆನ್ವರ್, ನ್ಯೂಯಾರ್ಕ್, ಸ್ಯಾನ್ ಆಂಟೋನಿಯೊ, ಇಂಡಿಯಾನಾ ಒಳಕ್ಕೆ. ಕೆಂಟಕಿ ಮತ್ತು ಸೇಂಟ್ ಲೂಯಿಸ್ ಹೊರಕ್ಕೆ. ಹೊರಗೆ ಉಳಿದವರನ್ನು ಸಮಾಧಾನ ಮಾಡುವ ಖರ್ಚು ಒಳಗೆ ಹೋದ ನಾಲ್ವರದು.

ಕೆಂಟಕಿಯ ಮಾಲೀಕ ಜಾನ್ ವೈ. ಬ್ರೌನ್ ಪಕ್ಕಾ ವ್ಯಾಪಾರಿ. ಕೆಂಟಕಿ ಫ್ರೈಡ್ ಚಿಕನ್ ಕಂಪನಿಯನ್ನು ಕೊಂಡು, ಬೆಳೆಸಿ, ಮಾರಿದವರು. ಮುಂದೆ ಆ ರಾಜ್ಯದ ಗವರ್ನರೂ ಆದರು. ಸುಮಾರು 30 ಲಕ್ಷ ಡಾಲರ್ ನಗದು ಎಣಿಸಿಕೊಂಡು ಎದ್ದರು. ಆ ದುಡ್ಡಿನಲ್ಲಿ ಬೇಗನೇ ಎನ್‌ಬಿಎಯ ಬಫಲೋ ತಂಡದಲ್ಲಿ ಪಾಲು ಕೊಂಡರು. ಜನ ಇದನ್ನು ಜಾಣತನ ಅಂದರು. ಜಾಣತನವೇ ಹೌದು. ಆದರೆ ಅದೇ ಮೇಜಿನಲ್ಲಿ ಇನ್ನೂ ಜಾಣರು ಕೂತಿದ್ದರು.

ಸಿಲ್ನಾ ಸೋದರರ ಲೆಕ್ಕ

ಓಜಿ ಸಿಲ್ನಾ, ಡ್ಯಾನಿಯಲ್ ಸಿಲ್ನಾ. ನ್ಯೂಜೆರ್ಸಿ ಕಡೆಯ ಅಣ್ಣತಮ್ಮಂದಿರು, ಬಟ್ಟೆ ನೇಯ್ಗೆಯ ವ್ಯವಹಾರದವರು. ಪಾಲಿಯೆಸ್ಟರ್ ಪ್ಯಾಂಟು ಜಗತ್ತನ್ನೇ ಆಳುತ್ತಿದ್ದ ಕಾಲ ಅದು. 1974ರಲ್ಲಿ ಕ್ಯಾರೊಲೈನಾದ ತಂಡವನ್ನು ಕೊಂಡು ಸೇಂಟ್ ಲೂಯಿಸಿಗೆ ತಂದರು. ಆ ಊರೇ ಯಾಕೆ? ಟಿವಿ ನೋಡುವ ಜನ ಬಹಳ, ಎನ್‌ಬಿಎ ತಂಡ ಇಲ್ಲ. ಆಗಲೇ ಅವರ ಕಣ್ಣು ಟಿವಿಯ ಮೇಲಿತ್ತು ಅನ್ನೋದು ಇದರಿಂದ ಗೊತ್ತಾಗುತ್ತೆ.

ತಂಡವೇನೋ ಗಮ್ಮತ್ತಿನ ತಂಡ. ಅದರ ತಾರೆ ಮಾರ್ವಿನ್ ಬಾರ್ನ್ಸ್. ಅವನ ಬಗ್ಗೆ ಇಂದಿಗೂ ಹೇಳುವ ಒಂದು ಕಥೆಯಿದೆ. ಲೂಯಿವಿಲ್ ಊರಿನಿಂದ ಸೇಂಟ್ ಲೂಯಿಸಿಗೆ ವಿಮಾನ. ಎರಡು ಊರಿನ ಗಡಿಯಾರಕ್ಕೂ ಒಂದು ಗಂಟೆ ವ್ಯತ್ಯಾಸ. ಹೀಗಾಗಿ ಎಂಟು ಗಂಟೆಗೆ ಹೊರಡುವ ವಿಮಾನ ಎಂಟಕ್ಕೆ ಕೆಲವು ನಿಮಿಷ ಮುಂಚೆಯೇ ತಲುಪುತ್ತೆ ಅಂತ ಪಟ್ಟಿಯಲ್ಲಿ ಬರೆದಿತ್ತು. ಬಾರ್ನ್ಸ್ ನೋಡಿದ. ಹೊರಡುವ ಮುಂಚೆ ತಲುಪುವ ಯಂತ್ರ ನನಗೆ ಬೇಡಪ್ಪಾ ಅಂತ ಹೇಳಿ, ಬಾಡಿಗೆ ಕಾರು ಮಾಡಿಕೊಂಡು ಹೋದನಂತೆ!

ಆದರೆ ಗಮ್ಮತ್ತಿಗೆ ಗಿರಾಕಿ ಬೇಕಲ್ಲ. 1975-76ರಲ್ಲಿ ತಂಡ ಗೆದ್ದದ್ದು 35, ಸೋತದ್ದು 49. ಮುಂದಿನ ಸುತ್ತಿಗೂ ಹೋಗಲಿಲ್ಲ. ಹದಿನೆಂಟು ಸಾವಿರ ಜನ ಹಿಡಿಸುವ ಸಭಾಂಗಣದಲ್ಲಿ ಸಾವಿರ ಜನ ಸೇರದ ಸಂಜೆಗಳಿದ್ದವು. ಬೆಂಚುಗಳೇ ಆಟ ನೋಡುತ್ತಿದ್ದವು ಅಂದರೂ ತಪ್ಪಿಲ್ಲ. ತಂಡವನ್ನು ಬೇರೆ ಊರಿಗೆ ಸಾಗಿಸುವ ಯೋಚನೆಯೂ ನಡೆದಿತ್ತು. ಇಂಥ ತಂಡಕ್ಕೆ ಪಂಚಾಯ್ತಿಯಲ್ಲಿ ಏನು ಬೆಲೆ?

ಸಿಲ್ನಾ ಸೋದರರೂ ಅವರ ವಕೀಲ ಡೊನಾಲ್ಡ್ ಶುಪಾಕ್ ಕೂಡ ಬೆಲೆಯನ್ನು ಬೇರೆ ರೀತಿ ಕೇಳಿದರು. ನಗದು 22 ಲಕ್ಷ ಡಾಲರ್, ಅಂದರೆ ಕೆಂಟಕಿಗಿಂತ ಕಡಿಮೆ. ಜೊತೆಗೆ, ಒಳಗೆ ಹೋಗುವ ನಾಲ್ಕು ತಂಡಗಳಿಗೆ ಮುಂದೆ ಟಿವಿಯಿಂದ ಬರುವ ಹಣದಲ್ಲಿ ಏಳನೇ ಒಂದು ಪಾಲು. ಏಳು ತಂಡ ಉಳಿದಿದ್ದವಲ್ಲ, ಅದರಲ್ಲಿ ನಮ್ಮದೂ ಒಂದು ಅನ್ನೋ ಲೆಕ್ಕ. ಎಷ್ಟು ವರ್ಷ? ಹತ್ತಲ್ಲ, ಇಪ್ಪತ್ತಲ್ಲ. ಲೀಗ್ ಇರುವಷ್ಟು ಕಾಲ.

ನಾಲ್ವರೂ ಯಾಕೆ ಒಪ್ಪಿದರು? ಇದು ಅಂಗಡಿಯವರಿಗೆ ಬೇಗ ಅರ್ಥವಾಗುತ್ತೆ. ಅವರ ಕೈ ಬರಿದಾಗಿತ್ತು, 32 ಲಕ್ಷ ಹೊಂದಿಸುವುದೇ ಪ್ರಾಣಸಂಕಟ. ಈಗ ಕೊಡಬೇಕಾದ ನಗದಿಗಿಂತ ಮುಂದೆ ಎಂದೋ ಬರುವ ಹಣದಲ್ಲಿ ಪಾಲು ಬಿಟ್ಟುಕೊಡೋದು ಹಗುರ ಅನ್ನಿಸಿತು. ಮೇಲಾಗಿ ಟಿವಿ ಹಣ ಅಂದರೆ ಆಗ ಅಂಥ ದೊಡ್ಡದೇನೂ ಅಲ್ಲ. ಎಷ್ಟು ಕನಿಷ್ಠ ಅಂದರೆ, 1980ರಲ್ಲಿ ಎನ್‌ಬಿಎ ಫೈನಲ್ಲಿನ ನಿರ್ಣಾಯಕ ಪಂದ್ಯವನ್ನೇ ದೇಶದ ಬಹುತೇಕ ಊರುಗಳಲ್ಲಿ ನೇರ ತೋರಿಸಲಿಲ್ಲ, ತಡರಾತ್ರಿ ಟೇಪು ಹಾಕಿ ತೋರಿಸಿದರು. ಅಂಥ ಸರಕಿನಲ್ಲಿ ಏಳನೇ ಒಂದು ಪಾಲು ಹೋದರೆ ಹೋಗಲಿ!

1982ರ ಹೊತ್ತಿಗೆ ಎನ್‌ಬಿಎಗೆ ಕಸಿವಿಸಿ ಶುರುವಾಗಿತ್ತು. 50 ಲಕ್ಷ ಡಾಲರ್ ಕಂತಿನಲ್ಲಿ ಕೊಡ್ತೇವೆ, ಕರಾರು ಬಿಡಿ ಅಂದರು. ಸೋದರರು 80 ಲಕ್ಷ ಕೇಳಿದರು. ಮಾತು ಮುರಿಯಿತು. ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಆಗಲೇ ಬಂದಿದ್ದರು, ಆಮೇಲೆ ಮೈಕೆಲ್ ಜೋರ್ಡಾನ್ ಬಂದ, ಕೇಬಲ್ಲು ಬಂತು, ಉಪಗ್ರಹ ಬಂತು. ಟಿವಿ ಹಣ ಹುತ್ತದ ಹಾಗೆ ಬೆಳೆಯಿತು. ನಾಲ್ಕು ತಂಡದಲ್ಲಿ ತಲಾ ಏಳನೇ ಒಂದು ಅಂದರೆ, ಕೂಡಿಸಿದರೆ, ಒಂದು ಇಡೀ ತಂಡಕ್ಕೆ ಸಿಗುವುದರಲ್ಲಿ ಅರ್ಧಕ್ಕೂ ಹೆಚ್ಚು. ಆಟಗಾರನಿಗೆ ಸಂಬಳವಿಲ್ಲ, ಸಭಾಂಗಣಕ್ಕೆ ಬಾಡಿಗೆಯಿಲ್ಲ, ಸೋಲುವ ಭಯವಿಲ್ಲ. ವರ್ಷ ವರ್ಷ ಚೆಕ್ಕು ಮನೆಗೆ! ಅದರಲ್ಲಿ ಹತ್ತನೇ ಒಂದು ವಕೀಲರಿಗೆ.

2014ರ ಜನವರಿಯವರೆಗೆ ಹೀಗೆ ಸೇರಿದ್ದು ಸುಮಾರು 30 ಕೋಟಿ ಡಾಲರ್. ಆಗ, ವಿದೇಶದ ಪ್ರಸಾರದ ಹಣದಲ್ಲೂ ಪಾಲು ಬೇಕು ಅಂತ ಸೋದರರು ಹೂಡಿದ್ದ ದಾವೆಯನ್ನು ರಾಜಿ ಮಾಡಿಕೊಳ್ಳುತ್ತ, ಹಕ್ಕಿನ ದೊಡ್ಡ ಭಾಗವನ್ನು ಬಿಟ್ಟುಕೊಡಲು ಎನ್‌ಬಿಎ ಒಟ್ಟಿಗೆ 50 ಕೋಟಿ ಡಾಲರ್ ಕೊಟ್ಟಿತು ಅಂತ ವರದಿಯಾಯಿತು. ಅಂದಿನ ದರದಲ್ಲಿ ಮೂರು ಸಾವಿರ ಕೋಟಿ ರೂಪಾಯಿಗೂ ಮೇಲೆ. 1976ರ ನಂತರ ಒಂದೇ ಒಂದು ಪಂದ್ಯ ಆಡದ ತಂಡಕ್ಕೆ!

ಗೆದ್ದವರ ಗತಿ

ಇನ್ನು ಗೆದ್ದು ಒಳಗೆ ಹೋದವರ ಕಥೆ. ಚಾಂಪಿಯನ್ ನ್ಯೂಯಾರ್ಕ್ ನೆಟ್ಸ್‌ಗೆ ಎರಡೇಟು ಬಿತ್ತು. 32 ಲಕ್ಷದ ಮೇಲೆ, ಅದೇ ಊರಿನ ಹಳೇ ತಂಡ ನಿಕ್ಸ್‌ಗೆ, ನಿಮ್ಮ ಸರಹದ್ದಿನಲ್ಲಿ ಅಂಗಡಿ ಇಟ್ಟೆವು ಅಂತ 48 ಲಕ್ಷ ಡಾಲರ್ ದಂಡ. ಅದರ ಬದಲು ಅರ್ವಿಂಗ್‌ನನ್ನೇ ತೆಗೆದುಕೊಳ್ಳಿ ಅಂದರೆ ನಿಕ್ಸ್‌ನವರು ಬೇಡ ಅಂದರು. ಬೇಡ ಅಂದದ್ದನ್ನು ಆ ಊರಿನ ಅಭಿಮಾನಿಗಳು ಇನ್ನೂ ಮರೆತಿಲ್ಲ. ಕಡೆಗೆ ಮಾಲೀಕರು ಅರ್ವಿಂಗ್‌ನನ್ನು ಫಿಲಡೆಲ್ಫಿಯಾಗೆ 30 ಲಕ್ಷ ಡಾಲರಿಗೆ ಮಾರಿದರು. ಮತ್ತೆ ಅದೇ ತಕ್ಕಡಿ ಮಾರಿದ ಕಥೆ! ಮುಂದಿನ ವರ್ಷ ಚಾಂಪಿಯನ್ನರು ಗೆದ್ದದ್ದು 22, ಸೋತದ್ದು 60.

ಇಂಡಿಯಾನಾದ ಪೇಸರ್ಸ್ 1977ರ ಬೇಸಿಗೆಯಲ್ಲೇ ಮುಳುಗುವುದರಲ್ಲಿತ್ತು. ವರ್ಷದ ಟಿಕೆಟು 8,000 ಮಾರದಿದ್ದರೆ ಬೀಗ ಅಂತ ಘೋಷಿಸಿದರು. ತರಬೇತುದಾರ ಬಾಬ್ ಲೆನರ್ಡ್ ಅವರ ಹೆಂಡತಿ ನ್ಯಾನ್ಸಿ ಮುಂದೆ ನಿಂತು ಸ್ಥಳೀಯ ಟಿವಿಯಲ್ಲಿ ಹದಿನಾರೂವರೆ ಗಂಟೆ ನಿರಂತರವಾಗಿ ಜನರನ್ನು ಬೇಡಿಕೊಂಡ ಕಾರ್ಯಕ್ರಮ ನಡೆಯಿತು. ಮಕ್ಕಳು ಚಿಲ್ಲರೆ ಕಾಸು ತಂದರು. ಲೆಕ್ಕ 8,028ಕ್ಕೆ ನಿಂತಿತು, ತಂಡ ಉಳಿಯಿತು. ಸ್ಯಾನ್ ಆಂಟೋನಿಯೊ 1999ರಿಂದ 2014ರೊಳಗೆ ಐದು ಸಲ ಎನ್‌ಬಿಎ ಗೆದ್ದಿತು. ಡೆನ್ವರ್ 2023ರವರೆಗೆ ಕಾಯಬೇಕಾಯಿತು.

ಎಬಿಎಯ ಆಟ ಬರೀ ಸರ್ಕಸ್ಸೇ ಆಗಿತ್ತೆ ಅನ್ನುವುದಕ್ಕೆ ಉತ್ತರ ವರ್ಷದೊಳಗೇ ಸಿಕ್ಕಿತ್ತು. ವಿಲೀನದ ಮರುವರ್ಷ ಎನ್‌ಬಿಎಯ ಆಯ್ದ ಆಟಗಾರರ ಪಂದ್ಯಕ್ಕೆ ಆರಿಸಿದ 24 ಮಂದಿಯಲ್ಲಿ 10 ಮಂದಿ ಎಬಿಎಯಿಂದ ಬಂದವರು.

ಆದರೆ ಎಲ್ಲರೂ ಅರ್ವಿಂಗ್ ಅಲ್ಲ, ಗೆರ್ವಿನ್ ಅಲ್ಲ. ಬೀಗ ಬಿದ್ದ ತಂಡಗಳ ಹತ್ತಾರು ಆಟಗಾರರಿಗೆ ಹಳೇ ಮಂಡಿಯಲ್ಲಿ ಜಾಗ ಸಿಗಲಿಲ್ಲ, ಸಿಕ್ಕರೂ ಒಂದೆರಡು ವರ್ಷ. ಎನ್‌ಬಿಎ ಪಿಂಚಣಿಗೆ ಬೇಕಾದಷ್ಟು ಸೇವೆ ಅವರ ಹೆಸರಲ್ಲಿ ಇರಲಿಲ್ಲ. ಪಟ್ಟೆ ಚೆಂಡು ಹಿಡಿದು ಆಡಿದ ವರ್ಷಗಳು ಲೆಕ್ಕಕ್ಕೆ ಬರಲಿಲ್ಲ. ಮಂಡಿ ಸವೆದು, ಔಷಧಿಗೆ, ಬಾಡಿಗೆಗೆ ಪರದಾಡಿದವರು ಅನೇಕರು. ಇಂಡಿಯಾನಾಪೊಲಿಸ್ ಊರಿನ ಡ್ರಾಪಿಂಗ್ ಡೈಮ್ಸ್ ಎಂಬ ಸಂಸ್ಥೆ ಇವರ ಪರವಾಗಿ ವರ್ಷಗಟ್ಟಲೆ ಎನ್‌ಬಿಎಯ ಬಾಗಿಲು ತಟ್ಟಿತು.

ಬಾಗಿಲು ತೆರೆದದ್ದು 2022ರ ಜುಲೈಯಲ್ಲಿ. ಎರಡು ಲೀಗೂ ಸೇರಿ ಕನಿಷ್ಠ ಮೂರು ವರ್ಷ ಆಡಿದ್ದ, ಪಿಂಚಣಿ ಇಲ್ಲದ ಸುಮಾರು 115 ಮಂದಿಗೆ ಒಟ್ಟು 2 ಕೋಟಿ 45 ಲಕ್ಷ ಡಾಲರ್ ಎತ್ತಿಟ್ಟರು. ಆಡಿದ ಪ್ರತಿ ವರ್ಷಕ್ಕೆ ಸರಾಸರಿ 3,828 ಡಾಲರಿನಂತೆ ವಾರ್ಷಿಕ ಪಾವತಿ. ಮೂರು ವರ್ಷ ಆಡಿದವನಿಗೆ ವರ್ಷಕ್ಕೆ ಹನ್ನೊಂದು ಸಾವಿರ ಡಾಲರ್ ಚಿಲ್ಲರೆ. ಅಷ್ಟರಲ್ಲಿ ಆ ಹುಡುಗರೆಲ್ಲ ಎಪ್ಪತ್ತರ ಆಚೀಚೆ. ಕೆಲವರು ಕಾಯುತ್ತಲೇ ತೀರಿಹೋಗಿದ್ದರು.